ಬಾರ್ಜ್‌ನಲ್ಲಿ ಯುರೋಪ್: ಯಾವ ಕಾಲುವೆ, ಯಾವ ದೋಣಿ?

ಯುರೋಪಿನ ಹಳೇ ಊರುಗಳನ್ನು ಬಾರ್ಜ್‌ನಲ್ಲಿ, ಅಂದರೆ ಕಾಲುವೆಯಲ್ಲಿ ಓಡುವ ತಳ ಚಪ್ಪಟೆಯಾದ ಉದ್ದನೆಯ ದೋಣಿಯಲ್ಲಿ, ನಿಧಾನವಾಗಿ ನೋಡಬೇಕು ಅಂದುಕೊಂಡವರು ನನ್ನನ್ನು ಮೊದಲು ಕೇಳುವುದು, ಫ್ರಾನ್ಸ್ ಒಳ್ಳೆಯದಾ ಹಾಲೆಂಡ್ ಒಳ್ಳೆಯದಾ ಅಂತ. ನಾನು ಅವರನ್ನೇ ತಿರುಗಿ ಒಂದು ಪ್ರಶ್ನೆ ಕೇಳುತ್ತೇನೆ. ಸಂಜೆ ದೋಣಿ ಕಟ್ಟಿದ ಮೇಲೆ ಊರೊಳಗೆ ನಡೆದುಕೊಂಡು ಹೋಗಬೇಕಾ, ಇಲ್ಲಾ ವ್ಯಾನ್ ಬಂದು ಕರೆದುಕೊಂಡು ಹೋದರೂ ಪರವಾಗಿಲ್ವಾ? ಇದಕ್ಕೆ ಉತ್ತರ ಸಿಕ್ಕರೆ ಅರ್ಧ ಕೆಲಸ ಮುಗಿದ ಹಾಗೆ.

ಯಾಕೆ ಅಂದರೆ, ಬಾರ್ಜ್ ಗಂಟೆಗೆ ಆರೆಂಟು ಕಿಲೋಮೀಟರ್ ಹೋಗುತ್ತದೆ, ಅಷ್ಟೇ. ನಡುವೆ ಲಾಕ್ (ನೀರು ತುಂಬಿಸಿ ಇಲ್ಲಾ ಖಾಲಿ ಮಾಡಿ ದೋಣಿಯನ್ನು ಒಂದು ಮಟ್ಟದಿಂದ ಇನ್ನೊಂದಕ್ಕೆ ಏರಿಸುವ, ಇಳಿಸುವ ಬಾಗಿಲುಗಳ ತೊಟ್ಟಿ) ಬಂದರೆ ಒಂದೊಂದಕ್ಕೂ ಹದಿನೈದು ಇಪ್ಪತ್ತು ನಿಮಿಷ. ದಿನಕ್ಕೆ ಐದಾರು ಗಂಟೆ ಓಡಿಸಿದರೂ ಇಪ್ಪತ್ತು, ಇಪ್ಪತ್ತೈದು ಕಿ.ಮೀ. ಒಂದು ವಾರವಿಡೀ ಹೋದ ದೂರವನ್ನು ಕಾರು ಎರಡು ಗಂಟೆಯಲ್ಲಿ ಮುಗಿಸುತ್ತದೆ. ಹಾಗಾಗಿ ಬಾರ್ಜ್ ಪ್ರವಾಸದಲ್ಲಿ ನೀವು ನೋಡುವುದು ದಂಡೆಯ ಮೇಲಿರುವ ಊರುಗಳನ್ನು ಮಾತ್ರ. ಪುಸ್ತಕದಲ್ಲಿ ಓದಿದ ದೊಡ್ಡ ಹೆಸರುಗಳು ಎಷ್ಟೋ ಸಲ ದಂಡೆಯಿಂದ ದೂರ ಇರುತ್ತವೆ. ಕರಪತ್ರದಲ್ಲಿ ಫೋಟೋ ಇದ್ದ ಮಾತ್ರಕ್ಕೆ ದೋಣಿ ಅಲ್ಲಿಗೆ ಹೋಗುತ್ತದೆ ಅಂತ ಅಲ್ಲ.

ಮೊದಲು ದೋಣಿ

ಬಾರ್ಜ್ ಅಂದರೆ ಮುಖ್ಯವಾಗಿ ಮೂರು ಥರ.

ಒಂದು, ಹೋಟೆಲ್ ಬಾರ್ಜ್. ಹಿಂದೆ ಧಾನ್ಯ, ಕಲ್ಲಿದ್ದಲು ಸಾಗಿಸುತ್ತಿದ್ದ ದೋಣಿಯ ಹೊಟ್ಟೆಯಲ್ಲಿ ಕೋಣೆಗಳನ್ನು ಕಟ್ಟಿರುತ್ತಾರೆ. ಆರರಿಂದ ಇಪ್ಪತ್ತು ಜನ. ಅಡುಗೆಯವರು, ಕ್ಯಾಪ್ಟನ್, ಗೈಡ್, ಜೊತೆಗೆ ದಂಡೆಯ ರಸ್ತೆಯಲ್ಲಿ ಹಿಂದೆಯೇ ಬರುವ ಒಂದು ವ್ಯಾನ್. ವಾರಕ್ಕೆ ತಲೆಗೆ ಸುಮಾರು 4,000 ಯುರೋದಿಂದ ಶುರು. ಊಟ, ತಿರುಗಾಟ ಎಲ್ಲಾ ಅದರಲ್ಲೇ ಸೇರಿರುತ್ತದೆ.

ಎರಡು, ನೀವೇ ಓಡಿಸುವ ಬಾಡಿಗೆ ದೋಣಿ. ಫ್ರಾನ್ಸ್‌ನಲ್ಲಿ ಇದಕ್ಕೆ ಲೈಸೆನ್ಸ್ ಬೇಡ. ಬಾಡಿಗೆಗೆ ಕೊಡುವವರೇ ಸ್ವಲ್ಪ ಹೊತ್ತು ಹೇಳಿಕೊಟ್ಟು ಕೀ ಕೈಗೆ ಕೊಡುತ್ತಾರೆ. ನಾಲ್ಕು ಜನರ ದೋಣಿಗೆ ಸೀಸನ್ ನೋಡಿ ವಾರಕ್ಕೆ ಸುಮಾರು 2,000ದಿಂದ 4,000 ಯುರೋ. ಇದು ಇಡೀ ದೋಣಿಗೆ. ಡೀಸೆಲ್, ಸೈಕಲ್ ಬಾಡಿಗೆ, ಠೇವಣಿ ಬೇರೆ.

ಮೂರು, ಸೈಕಲ್ ಮತ್ತು ಬಾರ್ಜ್. ಬೆಳಿಗ್ಗೆ ತಿಂಡಿ ತಿಂದು ನೀವು ಸೈಕಲ್ ಹತ್ತುತ್ತೀರಿ. ಬ್ಯಾಗು, ಹಾಸಿಗೆ, ಅಡುಗೆಯವರು ನೀರಿನ ಮೇಲೆ ಬರುತ್ತಾರೆ. ಸಂಜೆ ಮುಂದಿನ ಊರಿನಲ್ಲಿ ಭೇಟಿ. ತಲೆಗೆ ವಾರಕ್ಕೆ ಸಾಮಾನ್ಯವಾಗಿ 1,000ದಿಂದ 2,000 ಯುರೋ ಒಳಗೆ. ಕೋಣೆ ಚಿಕ್ಕದು, ಕಿಟಕಿ ನೀರಿನ ಮಟ್ಟಕ್ಕೇ ಇರುತ್ತದೆ.

ರೈನ್, ಡ್ಯಾನ್ಯೂಬ್ ನದಿಗಳ ದೊಡ್ಡ ಹಡಗುಗಳನ್ನು ಈ ಲೆಕ್ಕಕ್ಕೆ ತರಬೇಡಿ. ಅವು ನೂರು ಮೀಟರ್‌ಗೂ ಉದ್ದ, ನೂರೈವತ್ತಕ್ಕೂ ಹೆಚ್ಚು ಜನ. ಒಳ್ಳೆಯವೇ, ಆದರೆ ಬೇರೆ ಜಾತಿ.

ಬಾರ್ಜ್‌ನ ಗಾತ್ರದ ಹಿಂದೆ ಒಂದು ಕಾನೂನಿದೆ. 1879ರಲ್ಲಿ ಮಂತ್ರಿ ಶಾರ್ಲ್ ದ ಫ್ರೇಸಿನೆ ಫ್ರಾನ್ಸ್‌ನ ಮುಖ್ಯ ಕಾಲುವೆಗಳ ಲಾಕ್‌ಗಳೆಲ್ಲಾ ಒಂದೇ ಅಳತೆಯಲ್ಲಿರಬೇಕು ಅಂತ ಮಾಡಿದರು. ಸುಮಾರು 39 ಮೀಟರ್ ಉದ್ದ, 5.2 ಮೀಟರ್ ಅಗಲ. ಬಾರ್ಜ್‌ಗಳು 38.5 ಮೀಟರ್‌ಗೆ ನಿಂತಿದ್ದು ಅದಕ್ಕೇ. ದಕ್ಷಿಣದ ಕನಾಲ್ ದ್ಯು ಮಿದಿಯ ಲಾಕ್‌ಗಳು ಮಾತ್ರ ಹಳೇ ಕಾಲದವು, ಇನ್ನೂ ಗಿಡ್ಡ. ಅಲ್ಲಿ ಮೂವತ್ತು ಮೀಟರ್ ಬಾರ್ಜ್ ಅಷ್ಟೇ ನುಗ್ಗುತ್ತದೆ. ಹಾಗಾಗಿ ಅಲ್ಲಿನ ಹೋಟೆಲ್ ಬಾರ್ಜ್‌ನಲ್ಲಿ ಜನ ಕಡಿಮೆ, ರೇಟು ಜಾಸ್ತಿ.

ಕನಾಲ್ ದ್ಯು ಮಿದಿ: ನೀವೇ ಓಡಿಸುವುದಾದರೆ ಇಲ್ಲಿಗೇ ಹೋಗಿ

ತುಲೂಸ್‌ನಿಂದ ಮೆಡಿಟರೇನಿಯನ್ ಪಕ್ಕದ ತೋ ಸರೋವರದವರೆಗೆ 240 ಕಿ.ಮೀ. ಹದಿನಾಲ್ಕನೇ ಲೂಯಿಯ ಕಾಲದಲ್ಲಿ, 1666ರಿಂದ 1681ರ ನಡುವೆ ತೋಡಿದ್ದು. ತೋಡಿಸಿದವರು ಪಿಯರ್ ಪಾಲ್ ರಿಕೆ. ಅವರು ಎಂಜಿನಿಯರ್ ಅಲ್ಲ, ಬೆಝಿಯೆ ಊರಿನವರು, ಉಪ್ಪಿನ ತೆರಿಗೆ ವಸೂಲಿ ಮಾಡುತ್ತಿದ್ದವರು. ದಿಬ್ಬದ ನೆತ್ತಿಗೆ ನೀರು ತರುವುದು ಹೇಗೆ ಅನ್ನುವುದೇ ಆ ಕಾಲದ ದೊಡ್ಡ ಸಮಸ್ಯೆ. ರಿಕೆ ಕಪ್ಪು ಬೆಟ್ಟದ ಹಳ್ಳಗಳನ್ನು ಹಿಡಿದು, ಸೇನ್ ಫೆರಿಯೋಲ್‌ನಲ್ಲಿ ಏರಿ ಕಟ್ಟಿ, ನೊರೂಜ್ ಎಂಬ ನೆತ್ತಿಗೆ ನೀರು ಹರಿಸಿದರು. ಅಲ್ಲಿಂದ ಒಂದು ಪಾಲು ಅಟ್ಲಾಂಟಿಕ್ ಕಡೆಗೆ, ಇನ್ನೊಂದು ಪಾಲು ಮೆಡಿಟರೇನಿಯನ್ ಕಡೆಗೆ. ಕಾಲುವೆ ಉದ್ಘಾಟನೆ ಆಗುವ ಕೆಲವೇ ತಿಂಗಳ ಮೊದಲು, 1680ರಲ್ಲಿ, ಅವರು ತೀರಿಕೊಂಡರು. ಕೆರೆ, ತೂಬು, ಏರಿ ನೋಡಿ ಬೆಳೆದ ನಮಗೆ ಇಲ್ಲಿಯ ಕೆಲಸದ ಬೆಲೆ ಬೇಗ ಅರ್ಥವಾಗುತ್ತದೆ.

ಇಲ್ಲಿಯ ಲಾಕ್‌ಗಳು ಮೊಟ್ಟೆಯಾಕಾರ. ಮೊದಲು ನೇರ ಗೋಡೆ ಕಟ್ಟಿದಾಗ ಮಣ್ಣಿನ ಒತ್ತಡಕ್ಕೆ ಕುಸಿದವು. ಆಮೇಲೆ ಕಮಾನನ್ನು ಮಲಗಿಸಿದ ಹಾಗೆ ಗೋಡೆಯನ್ನು ಬಾಗಿಸಿದರು. 1996ರಿಂದ ಇಡೀ ಕಾಲುವೆ ಯುನೆಸ್ಕೋ ಪಟ್ಟಿಯಲ್ಲಿದೆ.

ಈಗ ಊರಿನ ದೂರದ ಮಾತು. ಎಲ್ಲರಿಗೂ ಬೇಕಾದದ್ದು ಕಾರ್ಕಾಸೋನ್ ಕೋಟೆ. ರಿಕೆ ಕಾಲುವೆ ತೋಡುವಾಗ ಆ ಊರಿನವರು ತಮ್ಮ ಪಾಲಿನ ದುಡ್ಡು ಕೊಡಲಿಲ್ಲ. ಕಾಲುವೆ ಊರನ್ನು ಬಿಟ್ಟು ಹೊರಗಿನಿಂದ ಹೋಯಿತು. 1810ರಲ್ಲಿ ದಾರಿ ತಿರುಗಿಸಿದ ಮೇಲೆಯೇ ದೋಣಿ ಊರಿಗೆ ಬಂದಿದ್ದು. ಈಗ ದೋಣಿ ಕಟ್ಟುವುದು ರೈಲ್ವೆ ಸ್ಟೇಷನ್ ಎದುರಿಗೆ, ಕೆಳಗಿನ ಊರಿನಲ್ಲಿ. ಅಲ್ಲಿಂದ ಹಳೇ ಸೇತುವೆ ದಾಟಿ ಕೋಟೆ ಹತ್ತಲು ಅರ್ಧ ಗಂಟೆ ನಡಿಗೆ. ಕೋಟೆಯ ಈಗಿನ ರೂಪಕ್ಕೆ 19ನೇ ಶತಮಾನದ ವಾಸ್ತುಶಿಲ್ಪಿ ವಿಯೊಲೆ ಲ ದ್ಯುಕ್ ಕಾರಣ. ಚೂಪು ಟೋಪಿಯಂಥ ಚಾವಣಿಗಳು ಅವರ ದುರಸ್ತಿಯವು. ನಡುಹಗಲು ಜನಜಂಗುಳಿ. ದೋಣಿಯಲ್ಲಿ ರಾತ್ರಿ ಉಳಿಯುವವರಿಗೆ ಇಲ್ಲೊಂದು ಲಾಭ ಇದೆ. ಬಸ್ಸುಗಳು ಹೋದ ಮೇಲೆ, ಸಂಜೆ ಏಳರ ನಂತರ ಹತ್ತಿ.

ಆದರೆ ಮೊದಲ ಸಲ ಓಡಿಸುವವರಿಗೆ ನಾನು ಕಾರ್ಕಾಸೋನ್ ಭಾಗ ಹೇಳುವುದಿಲ್ಲ. ಅಲ್ಲಿ ಲಾಕ್ ಮೇಲೆ ಲಾಕ್. ನಾವು ಹೋಗಿದ್ದು ಓಂಪ್ಸ್ ಎಂಬ ಹಳ್ಳಿಯಿಂದ ಪೂರ್ವಕ್ಕೆ. ನಾನು, ನನ್ನ ಹೆಂಡತಿ, ಅಕ್ಕ, ಭಾವ. ಅಲ್ಲಿ ಕೆಲವೇ ಲಾಕ್ ಇಳಿದು ಆರ್ಜಾನ್ಸ್ ದಾಟಿದರೆ ಮುಂದೆ 54 ಕಿ.ಮೀ. ಒಂದೂ ಲಾಕ್ ಇಲ್ಲ. ರಿಕೆಯ ಜನ ನೆಲದ ಏರಿಳಿತ ನೋಡಿಕೊಂಡು, ಗುಡ್ಡದ ಸೊಂಟ ಬಳಸಿ ಕಾಲುವೆಯನ್ನು ಮಟ್ಟಸವಾಗಿ ತಂದಿದ್ದಾರೆ. ದ್ರಾಕ್ಷಿ ತೋಟಗಳ ನಡುವೆ ಹಾವಿನ ಹಾಗೆ ಹೋಗುತ್ತದೆ. ವಯಸ್ಸಾದವರು, ಮಕ್ಕಳು ಜೊತೆಗಿದ್ದರೆ ಯುರೋಪಿನಲ್ಲಿ ಇದಕ್ಕಿಂತ ಹಗುರವಾದ ನೀರು ನನಗೆ ಗೊತ್ತಿಲ್ಲ.

ಆ ಕೆಲವು ಲಾಕ್‌ಗಳಲ್ಲೇ ಒಂದರಲ್ಲಿ ನಾವು ಕಲಿತ ಪಾಠ ಹೇಳಿಬಿಡುತ್ತೇನೆ. ಲಾಕ್‌ನಲ್ಲಿ ಇಳಿಯುವಾಗ ಮೇಲಿನ ಗೂಟಕ್ಕೆ ಹಗ್ಗವನ್ನು ಒಂದು ಸುತ್ತು ಹಾಕಿ ತುದಿಯನ್ನು ಕೈಯಲ್ಲೇ ಹಿಡಿದಿರಬೇಕು. ನೀರು ಇಳಿದ ಹಾಗೆ ಬಿಡುತ್ತಾ ಹೋಗಬೇಕು. ನಮಗೆ ದೋಣಿ ಕೊಟ್ಟವರು ಇದನ್ನು ಒಂದೇ ಮಾತಿನಲ್ಲಿ ಹೇಳಿ ಮುಗಿಸಿದ್ದರು. ಭಾವ ಗಟ್ಟಿಯಾಗಿರಲಿ ಅಂತ ಹಿಂದಿನ ಹಗ್ಗವನ್ನು ಗಂಟು ಹಾಕಿದರು. ತೂಬು ತೆರೆದರು. ನೀರು ಇಳಿಯತೊಡಗಿತು. ಮುಂಭಾಗ ನೀರಿನ ಜೊತೆ ಇಳಿಯಿತು, ಹಿಂಭಾಗ ಗೋಡೆಗೆ ನೇತುಬಿತ್ತು. ಹಗ್ಗ ತಂತಿಯ ಹಾಗೆ ಬಿಗಿದು ಕಿರುಗುಟ್ಟಿತು. ಒಳಗಿನ ಕಪಾಟಿನಿಂದ ತಟ್ಟೆಗಳು ಜಾರಿದ ಸದ್ದು. ಲಾಕ್ ಕಾಯುವ ಹೆಂಗಸು ಕೂಗಿ ಓಡಿ ಬಂದು ತೂಬು ಮುಚ್ಚಿದರು, ಮೇಲಿನ ತೂಬಿನಿಂದ ಸ್ವಲ್ಪ ನೀರು ಬಿಟ್ಟು ದೋಣಿಯನ್ನು ಎತ್ತಿದರು. ಆಮೇಲೆ ಭಾವನ ಕೈಗೆ ಹಗ್ಗ ಕೊಟ್ಟು, ತಮ್ಮ ಕೈಯನ್ನು ಅವರ ಕೈಮೇಲಿಟ್ಟು, ಬಿಡುವುದು ಹೇಗೆ ಅಂತ ತೋರಿಸಿದರು. ಭಾಷೆ ಬರದಿದ್ದರೂ ಅಷ್ಟು ಚೆನ್ನಾಗಿ ಯಾರೂ ಹೇಳಿಕೊಟ್ಟಿರಲಿಲ್ಲ. ಲಾಕ್‌ನಲ್ಲಿ ಗಂಟು ಹಾಕಲೇಬೇಡಿ. ಒಂದು ಜೊತೆ ಕೈಗವಸು ಇಟ್ಟುಕೊಳ್ಳಿ, ಹಗ್ಗ ಅಂಗೈ ಸುಡುತ್ತದೆ.

ಈ ಉದ್ದದ ನೀರಿನ ದಂಡೆಯಲ್ಲಿ ದೊಡ್ಡ ಊರಿಲ್ಲ, ಆದರೆ ಇರುವುದೆಲ್ಲಾ ಕಾಲ್ನಡಿಗೆಯಲ್ಲೇ ಸಿಗುತ್ತದೆ. ಲ ಸೊಮೈ ಹಳ್ಳಿ ಹುಟ್ಟಿದ್ದೇ ಕಾಲುವೆಯಿಂದ. ಕಮಾನು ಸೇತುವೆ, ಪುಟ್ಟ ಪ್ರಾರ್ಥನಾಮಂದಿರ, ಹಳೇ ಪುಸ್ತಕಗಳ ಒಂದು ದೊಡ್ಡ ಅಂಗಡಿ. ಕಾಪೆಸ್ತಾಂಗ್‌ನ ಸೇತುವೆ ಎಷ್ಟು ತಗ್ಗು ಅಂದರೆ, ಈ ಕಾಲುವೆಯ ಬಾರ್ಜ್‌ಗಳ ಎತ್ತರವನ್ನು ಅದೇ ನಿರ್ಧರಿಸುತ್ತದೆ. ಕೂತು ತಲೆ ತಗ್ಗಿಸಿ. ಮುಂದೆ ಮಾಲ್ಪಾ ಸುರಂಗ. 1679ರಲ್ಲಿ ಕೊರೆದದ್ದು, ಯುರೋಪಿನಲ್ಲಿ ದೋಣಿ ಓಡುವ ಕಾಲುವೆಗಾಗಿ ಕೊರೆದ ಮೊದಲ ಸುರಂಗ, ಸುಮಾರು 170 ಮೀಟರ್. ಅಲ್ಲಿ ದೋಣಿ ಕಟ್ಟಿ ಆಂಸೆರ್ಯೂನ್ ಗುಡ್ಡ ಹತ್ತಿ. ರೋಮನ್ನರಿಗಿಂತ ಹಳೆಯ ಊರಿನ ಅವಶೇಷಗಳಿವೆ. ಮೇಲಿನಿಂದ ಮೊಂತಾದಿ ಕಾಣುತ್ತದೆ. ಅದು 13ನೇ ಶತಮಾನದಲ್ಲಿ ಬತ್ತಿಸಿದ ಕೆರೆ. ಹೊಲಗಳು ಬಂಡಿ ಚಕ್ರದ ಅರೆಗಳ ಹಾಗೆ ನಡುವಿಗೆ ಬಂದು ಸೇರುತ್ತವೆ. ಇಡೀ ವಾರದಲ್ಲಿ ನನ್ನ ಮನಸ್ಸಿನಲ್ಲಿ ಉಳಿದ ನೋಟ ಅದು. ಕೊನೆಗೆ ಬೆಝಿಯೆ ಪಕ್ಕದ ಫೋನ್ಸೆರಾನ್, ಮೆಟ್ಟಿಲಿನ ಹಾಗೆ ಒಂದರ ಕೆಳಗೊಂದು ಲಾಕ್. 21 ಮೀಟರ್ ಇಳಿತ. ಅದನ್ನು ದೋಣಿಯಲ್ಲಿ ಇಳಿಯಲೇಬೇಕು ಅಂತಿಲ್ಲ. ಮೇಲೆ ಕಟ್ಟಿ, ದಂಡೆಯ ಮೇಲೆ ನಿಂತು ಬೇರೆಯವರು ಇಳಿಯುವುದನ್ನು ನೋಡಿದರೂ ಸಾಕು. ನಾವು ಹಾಗೇ ಮಾಡಿ ಓಂಪ್ಸ್‌ಗೆ ವಾಪಸ್ ಬಂದೆವು.

ಒಂದು ನೋವಿನ ಸಂಗತಿಯನ್ನೂ ಹೇಳಬೇಕು. ಫೋಟೋಗಳಲ್ಲಿ ಕಾಣುವ ಪ್ಲೇನ್ ಮರಗಳ ಹಸಿರು ಚಪ್ಪರ ಈಗ ಎಲ್ಲಾ ಕಡೆ ಇಲ್ಲ. ಸುಮಾರು 42 ಸಾವಿರ ಮರಗಳಿದ್ದವು. 2006ರಲ್ಲಿ ಇಲ್ಲಿ ಶಿಲೀಂಧ್ರ ರೋಗ ಕಂಡುಬಂತು. ಔಷಧಿ ಇಲ್ಲ. ಅರ್ಧಕ್ಕಿಂತ ಹೆಚ್ಚು ಮರಗಳನ್ನು ಕಡಿದಿದ್ದಾರೆ, ಬೇರೆ ಜಾತಿಯ ಸಸಿಗಳನ್ನು ನೆಡುತ್ತಿದ್ದಾರೆ. ಜುಲೈ, ಆಗಸ್ಟ್‌ನಲ್ಲಿ ಹೋದರೆ ಎಷ್ಟೋ ಕಡೆ ನೆರಳೇ ಸಿಗುವುದಿಲ್ಲ.

ಬರ್ಗಂಡಿ: ಇಲ್ಲಿ ಹೋಟೆಲ್ ಬಾರ್ಜ್‌ಗೆ ಅರ್ಥ ಇದೆ

ಫ್ರಾನ್ಸ್‌ನ ಬರ್ಗಂಡಿ ಕಾಲುವೆ 242 ಕಿ.ಮೀ., ಅದರಲ್ಲಿ 189 ಲಾಕ್. ಈ ಎರಡು ಸಂಖ್ಯೆ ಸಾಕು. ನೀವೇ ಓಡಿಸಿದರೆ ವಾರವಿಡೀ ಹಗ್ಗ ಎಳೆಯುವುದೇ ಕೆಲಸ. ಬೇರೆಯವರು ಓಡಿಸಿದರೆ ಅದೇ ಲಾಕ್‌ಗಳು ವರ. ಒಂದು ಲಾಕ್‌ನಲ್ಲಿ ಇಳಿದು, ಮುಂದಿನದಕ್ಕೆ ದಂಡೆಯಲ್ಲಿ ನಡೆದು, ಬಾರ್ಜ್ ಬರುವ ಹೊತ್ತಿಗೆ ಕಾದು ಹತ್ತಬಹುದು. ನೆತ್ತಿಯಲ್ಲಿ ಪೂಯಿ ಎಂಬಲ್ಲಿ 3,333 ಮೀಟರ್ ಉದ್ದದ ಸುರಂಗ ಇದೆ.

ಇಲ್ಲಿಯ ಐಶ್ವರ್ಯವೆಲ್ಲಾ ದಂಡೆಯಿಂದ ಆಚೆಗಿದೆ. ಸಂತ ಬರ್ನಾರ್ಡ್ 1118ರಲ್ಲಿ ಕಟ್ಟಿಸಿದ ಫೋಂಟ್ನೆ ಮಠ ಕಾಡಿನ ಕಣಿವೆಯಲ್ಲಿ. ಕ್ರಿ.ಪೂ. 52ರಲ್ಲಿ ಸೀಸರ್ ಗಾಲ್ ಜನರನ್ನು ಮುತ್ತಿಗೆ ಹಾಕಿ ಸೋಲಿಸಿದ ಅಲೇಸಿಯಾ ಗುಡ್ಡದ ಮೇಲೆ. ಬಣ್ಣದ ಹೆಂಚಿನ ಚಾವಣಿಯ ಬೋನ್ ಊರಿನ ಆಸ್ಪತ್ರೆಯಂತೂ ಕಾಲುವೆಯಿಂದ ದೂರವೇ. 1443ರಲ್ಲಿ ಬಡವರಿಗಾಗಿ ಕಟ್ಟಿಸಿದ ಆ ಕಟ್ಟಡದಲ್ಲಿ ತೀರಾ ಇತ್ತೀಚಿನವರೆಗೆ, ಅಂದರೆ 1971ರ ತನಕ, ರೋಗಿಗಳಿದ್ದರು. ಸಾಲು ಹಾಸಿಗೆ, ಪ್ರತಿ ಹಾಸಿಗೆಗೂ ಕೆಂಪು ಪರದೆ, ಹಾಲ್‌ನ ಕೊನೆಗೆ ದೇವರ ಪೀಠ, ಮಲಗಿದಲ್ಲಿಂದಲೇ ಕಾಣುವ ಹಾಗೆ. ಇದನ್ನೆಲ್ಲಾ ನೋಡಬೇಕಾದರೆ ವ್ಯಾನ್ ಬೇಕು. ಹೋಟೆಲ್ ಬಾರ್ಜ್‌ಗೆ ಕೊಡುವ ದುಡ್ಡಿನಲ್ಲಿ ಒಂದು ದೊಡ್ಡ ಪಾಲು ಆ ವ್ಯಾನ್ ಮತ್ತು ಗೈಡ್‌ಗೆ ಅಂತ ತಿಳಿದುಕೊಳ್ಳಿ. ವೈನ್ ಕುಡಿಯದವರಿಗೆ ಇಲ್ಲಿ ಅರ್ಧ ಮಜಾ ಕಡಿಮೆ ಅನ್ನುವುದೂ ನಿಜ. ಯಾಕೆಂದರೆ ತಿರುಗಾಟದ ಪಟ್ಟಿಯಲ್ಲಿ ದ್ರಾಕ್ಷಿ ತೋಟ, ನೆಲಮಾಳಿಗೆಗಳೇ ಜಾಸ್ತಿ ಇರುತ್ತವೆ.

ಬರ್ಗಂಡಿ ಬೇಕು ಆದರೆ ಅಷ್ಟು ದುಡ್ಡಿಲ್ಲ ಅನ್ನುವವರು ಪಕ್ಕದ ನಿವರ್ನೆ ಕಾಲುವೆ ನೋಡಿ. ಓಸೆರ್‌ನಿಂದ ದಕ್ಷಿಣಕ್ಕೆ, 174 ಕಿ.ಮೀ. ಮೊರ್ವಾನ್ ಕಾಡಿನ ಸೌದೆಯನ್ನು ಪ್ಯಾರಿಸ್‌ಗೆ ಕಳಿಸಲು ಶುರು ಮಾಡಿದ್ದು. ಓಸೆರ್‌ನಲ್ಲಿ ದೋಣಿ ಕಟ್ಟುವುದು ಕೆಥೆಡ್ರಲ್ ಕೆಳಗೇ. ಎದ್ದ ತಕ್ಷಣ ಕಿಟಕಿಯಲ್ಲಿ ಅದೇ ಕಾಣುತ್ತದೆ.

ಬ್ರೂಜ್‌ನಿಂದ ಆಮ್‌ಸ್ಟರ್‌ಡ್ಯಾಮ್: ಊರೇ ಮುಖ್ಯ ಅನ್ನುವವರಿಗೆ

ಒಂದು ವಾರದಲ್ಲಿ ಹೆಚ್ಚು ಹಳೇ ಊರು, ಹೆಚ್ಚು ಚಿತ್ರಕಲೆ, ಕಡಿಮೆ ದುಡ್ಡು. ಹೀಗೆ ಲೆಕ್ಕ ಹಾಕಿದರೆ ಸೈಕಲ್ ಬಾರ್ಜ್ ಗೆಲ್ಲುತ್ತದೆ. ಬೆಲ್ಜಿಯಂನ ಬ್ರೂಜ್, ಗೆಂಟ್, ಆಂಟ್ವರ್ಪ್, ಆಮೇಲೆ ಹಾಲೆಂಡ್‌ನ ನದಿಗಳು, ಗಾಳಿಗಿರಣಿಗಳ ಕಿಂಡರ್‌ಡೈಕ್, ಕೊನೆಗೆ ಆಮ್‌ಸ್ಟರ್‌ಡ್ಯಾಮ್. ಇವು ನೀರಿನಿಂದಲೇ ಹುಟ್ಟಿದ ಊರುಗಳು. ಆದರೂ ದೊಡ್ಡ ಬಾರ್ಜ್ ಬ್ರೂಜ್‌ನ ಒಳಗಿನ ಪುಟ್ಟ ಕಾಲುವೆಗಳಿಗೆ ಹೋಗುವುದಿಲ್ಲ. ಊರ ಸುತ್ತಿನ ಕಾಲುವೆಯಲ್ಲಿ ನಿಲ್ಲುತ್ತದೆ. ಸೈಕಲ್ ಇರುವುದರಿಂದ ಅದು ದೊಡ್ಡ ವಿಷಯ ಅಲ್ಲ.

ದಿನಕ್ಕೆ 30ರಿಂದ 50 ಕಿ.ಮೀ. ಸೈಕಲ್. ನೆಲ ಚಪ್ಪಟೆ, ದಾರಿ ಬೇರೆಯೇ ಇದೆ, ಬ್ಯಾಟರಿ ಸೈಕಲ್ ಬಾಡಿಗೆಗೆ ಸಿಗುತ್ತದೆ. ಏರು ಇಲ್ಲದಿದ್ದರೂ ಎದುರುಗಾಳಿ ಇದೆ, ಅದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಒಂದು ದಿನ ಸುಸ್ತಾದರೆ ಬಾರ್ಜ್‌ನಲ್ಲೇ ಕೂತು ಬರಬಹುದು. ನನ್ನ ಹೆಂಡತಿ ಎರಡು ದಿನ ಹಾಗೇ ಬಂದಳು.

ಗೆಂಟ್‌ನ ಸೇಂಟ್ ಬಾವೋ ಕೆಥೆಡ್ರಲ್‌ನಲ್ಲಿ ವಾನ್ ಐಕ್ ಸೋದರರು 1432ರಲ್ಲಿ ಮುಗಿಸಿದ ಚಿತ್ರಪೀಠ ಇದೆ. ಅದರ ಒಂದು ಹಲಗೆ 1934ರಲ್ಲಿ ಕಳವಾಗಿ ಇನ್ನೂ ಸಿಕ್ಕಿಲ್ಲ. ಆ ಒಂದು ಹಲಗೆಯ ಜಾಗದಲ್ಲಿ ಈಗ ಇರುವುದು ನಕಲು. ಆದರೆ ನನ್ನ ಮಟ್ಟಿಗೆ ಇಡೀ ದಾರಿಯ ಅತ್ಯುತ್ತಮ ಎರಡು ಗಂಟೆ ಆಂಟ್ವರ್ಪ್‌ನ ಪ್ಲಾಂಟಿನ್ ಮೊರೆಟಸ್ ಮನೆಯಲ್ಲಿ ಕಳೆದದ್ದು. 1555ರಲ್ಲಿ ಶುರುವಾದ ಮುದ್ರಣಾಲಯ. ಅದೇ ಮನೆತನ ಮುನ್ನೂರು ವರ್ಷ ನಡೆಸಿ, 1876ರಲ್ಲಿ ಊರಿನ ಆಡಳಿತಕ್ಕೆ ಮಾರಿತು. ಜಗತ್ತಿನಲ್ಲಿ ಉಳಿದಿರುವ ಅತಿ ಹಳೆಯ ಎರಡು ಅಚ್ಚಿನ ಯಂತ್ರಗಳು ಅಲ್ಲಿವೆ, 1600ರ ಸುಮಾರಿನವು. ಮರದ ಹಿಡಿ ಕೈ ಸವೆದು ನಯವಾಗಿದೆ. ಪಕ್ಕದ ಕೋಣೆಯಲ್ಲಿ ತಿದ್ದುವವರು ಕೂರುತ್ತಿದ್ದ ಮೇಜು, ಕಿಟಕಿ ಕಡೆಗೆ ತಿರುಗಿಸಿಟ್ಟ ಹಾಗೇ ಇದೆ. ಬಾರ್ಜ್ ಸಾಮಾನ್ಯವಾಗಿ ಹಳೇ ಊರಿನ ಉತ್ತರದ ಡಾಕ್‌ನಲ್ಲಿ ನಿಲ್ಲುತ್ತದೆ. ಅಲ್ಲಿಂದ ನಡೆದೇ ಹೋಗಬಹುದು.

ಟುಲಿಪ್ ಹೂವಿಗೆ ಹೋಗುವವರು ಏಪ್ರಿಲ್ ನಡುವಿಗೆ ಹೋಗಿ. ಕ್ಯೂಕೆನ್‌ಹಾಫ್ ತೋಟ ಮಾರ್ಚ್ ನಡುವಿನಿಂದ ಮೇ ನಡುವಿನವರೆಗೆ ಮಾತ್ರ ತೆರೆದಿರುತ್ತದೆ.

ಆಲ್ಸಾಸ್, ಇಂಗ್ಲೆಂಡ್: ಎರಡು ಮಾತು

ಯಂತ್ರ ಇಷ್ಟಪಡುವವರಿಗೆ ಫ್ರಾನ್ಸ್‌ನ ಪೂರ್ವದ ಆಲ್ಸಾಸ್, ಲೊರೇನ್ ಕಡೆ. ಮಾರ್ನ್‌ನಿಂದ ರೈನ್‌ವರೆಗಿನ ಕಾಲುವೆಯಲ್ಲಿ ಆರ್ಜ್‌ವಿಲೆರ್ ಎಂಬಲ್ಲಿ ದೋಣಿಯನ್ನು ನೀರಿನ ತೊಟ್ಟಿ ಸಮೇತ ಗುಡ್ಡದ ಇಳಿಜಾರಿನಲ್ಲಿ ಹಳಿಗಳ ಮೇಲೆ ಇಳಿಸುತ್ತಾರೆ. ಎತ್ತರ 44 ಮೀಟರ್‌ಗೂ ಹೆಚ್ಚು. 1969ರಲ್ಲಿ ಇದು ಬಂದ ಮೇಲೆ 17 ಲಾಕ್‌ಗಳ ಕೆಲಸ ತಪ್ಪಿತು. ದಾರಿಯ ಕೊನೆಗೆ ಸ್ಟ್ರಾಸ್‌ಬರ್ಗ್. 142 ಮೀಟರ್ ಗೋಪುರದ ಅದರ ಕೆಥೆಡ್ರಲ್ 1874ರವರೆಗೆ ಜಗತ್ತಿನಲ್ಲೇ ಎತ್ತರದ ಕಟ್ಟಡವಾಗಿತ್ತು.

ಇಂಗ್ಲೆಂಡ್‌ನಲ್ಲಿರುವ ನಮ್ಮವರಿಗೆ ಅಲ್ಲಿಯದೇ ಏಳಡಿ ಅಗಲದ ನ್ಯಾರೋಬೋಟ್ ಇದೆ. ವೇಲ್ಸ್‌ನಲ್ಲಿ 1805ರ ಪೊಂಟ್‌ಕಸುಲ್ತೆ ಮೇಲ್ಗಾಲುವೆ ದಾಟುವಾಗ ಒಂದು ಬದಿಗೆ ಕಂಬಿಯೇ ಇಲ್ಲ, ಕೆಳಗೆ 38 ಮೀಟರ್ ಆಳದಲ್ಲಿ ನದಿ. ಊರಿನಿಂದ ಹೋಗುವವರಿಗೆ ಮಾತ್ರ ಅದಕ್ಕೆ ಬೇರೆ ವೀಸಾ ಬೇಕು.

ಹೊರಡುವ ಮೊದಲು

ಸೀಸನ್ ಏಪ್ರಿಲ್‌ನಿಂದ ಅಕ್ಟೋಬರ್. ಚಳಿಗಾಲದಲ್ಲಿ ದುರಸ್ತಿಗೆ ಕಾಲುವೆ ಮುಚ್ಚುತ್ತಾರೆ. ನನ್ನ ಆಯ್ಕೆ ಮೇ ಕೊನೆ ಅಥವಾ ಸೆಪ್ಟೆಂಬರ್. ಬಿರುಬೇಸಿಗೆಯಲ್ಲಿ ನೀರು ಕಡಿಮೆಯಾಗಿ ಕೆಲವು ಭಾಗ ನಿಂತುಹೋಗುವುದುಂಟು, ಬರ್ಗಂಡಿ ಕಡೆ ಇದು ಜಾಸ್ತಿ. ಆಗ ದುಡ್ಡು ವಾಪಸ್ ಕೊಡುತ್ತಾರಾ, ಬೇರೆ ಕಾಲುವೆಗೆ ಹಾಕುತ್ತಾರಾ ಅಂತ ಬರಹದಲ್ಲಿ ಕೇಳಿ. ಅದೇ ಮೇಲ್‌ನಲ್ಲಿ ಪ್ರತಿ ರಾತ್ರಿ ದೋಣಿ ಎಲ್ಲಿ ಕಟ್ಟುತ್ತೀರಿ ಅಂತಲೂ ಕೇಳಿ, ಉತ್ತರ ಬಂದ ಜಾಗವನ್ನು ಮ್ಯಾಪ್‌ನಲ್ಲಿ ಹಾಕಿ ನೋಡಿ.

ಷೆಂಗನ್ ವೀಸಾಕ್ಕೆ ಹೆಚ್ಚು ರಾತ್ರಿ ಯಾವ ದೇಶದಲ್ಲೋ ಆ ದೇಶಕ್ಕೆ ಅರ್ಜಿ ಹಾಕಬೇಕು. ಬ್ರೂಜ್ ಆಮ್‌ಸ್ಟರ್‌ಡ್ಯಾಮ್ ದಾರಿಯಲ್ಲಿ ಬೆಲ್ಜಿಯಂ, ಹಾಲೆಂಡ್ ಎರಡೂ ಬರುವುದರಿಂದ ರಾತ್ರಿಗಳನ್ನು ಬೆರಳು ಮಡಚಿ ಎಣಿಸಿ. ರಾತ್ರಿಗಳು ಸಮ ಬಂದರೆ ಮೊದಲು ಕಾಲಿಡುವ ದೇಶಕ್ಕೆ. ಆರು ತಿಂಗಳು ಮೊದಲೇ ಅರ್ಜಿ ಹಾಕಬಹುದು.

ಸಸ್ಯಾಹಾರಿಗಳು ಹೋಟೆಲ್ ಬಾರ್ಜ್‌ನವರಿಗೆ ತಿಂಗಳ ಮುಂಚೆಯೇ ಬರೆದು ತಿಳಿಸಿ, ಮೀನು ಕೂಡ ತಿನ್ನುವುದಿಲ್ಲ ಅಂತ ಬಿಡಿಸಿ ಹೇಳಿ. ಮಿದಿ ಕಡೆಯ ಪ್ರಸಿದ್ಧ ಕ್ಯಾಸುಲೆ ನೋಡಲು ಕಾಳಿನ ಹುಳಿಯ ಹಾಗೆ ಇರುತ್ತದೆ, ಒಳಗೆ ಬಾತುಕೋಳಿ ಮತ್ತು ಹಂದಿ ಮಾಂಸ. ಸ್ವಂತ ದೋಣಿಯಲ್ಲಿ ಈ ತಾಪತ್ರಯ ಇಲ್ಲ. ಸಾರಿನ ಪುಡಿ, ಚಟ್ನಿಪುಡಿ, ಅವಲಕ್ಕಿ ತೆಗೆದುಕೊಂಡು ಹೋಗಿ. ತುಪ್ಪ, ಪೇಡ ಬೇಡ. ಹೊರಗಿನಿಂದ ಹಾಲಿನ ಪದಾರ್ಥ ಯುರೋಪಿಗೆ ತರುವ ಹಾಗಿಲ್ಲ, ವಿಮಾನ ನಿಲ್ದಾಣದಲ್ಲೇ ತೆಗೆದು ಎಸೆಯುತ್ತಾರೆ. ಅಲ್ಲಿಯ ಬೆಣ್ಣೆ ಕೊಂಡು ದೋಣಿಯಲ್ಲೇ ಕಾಯಿಸಿ, ಅಕ್ಕ ಹಾಗೇ ಮಾಡಿದ್ದಳು. ಆ ವಾಸನೆಗೆ ಪಕ್ಕದ ದೋಣಿಯವರು ಬಂದು ಏನು ಅಂತ ಕೇಳಿ, ಅನ್ನಕ್ಕೆ ಹಾಕಿಸಿಕೊಂಡು ತಿಂದು ಹೋದರು.

ಮುಂದಿನ ಸೆಪ್ಟೆಂಬರ್‌ಗೆ ಅಪ್ಪ ಅಮ್ಮನನ್ನು ಕರೆದುಕೊಂಡು ಮತ್ತೆ ಓಂಪ್ಸ್‌ಗೇ ಹೋಗುತ್ತಿದ್ದೇವೆ, ಅದೇ ಲಾಕ್ ಇಲ್ಲದ ನೀರಿಗೆ. ದೋಣಿಯಲ್ಲಿ ಕುಕ್ಕರ್ ಇಡಬಹುದಾ ಅಂತ ಅಮ್ಮ ಈಗಲೇ ಕೇಳುತ್ತಿದ್ದಾರೆ. ಇಡಬಹುದು, ಗ್ಯಾಸ್ ಒಲೆ ಇದೆ. ಎರಡು ಲೀಟರ್‌ದು ಸಾಕು.